ಲ್ಯಾಪ್‌ಟಾಪ್ ಕೆಟ್ಟಾಗ ಬೆಳೆಗಾರನು ಮಾಡಬೇಕಾದುದೇನು?

(ಸದಸ್ಯ ಶಿಕ್ಷಣ ಪಾಠ: ಸಂಘದ ಕಾರ್ಯದರ್ಶಿಯಿಂದ)



ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ, ಗೊಬ್ಬರದ ಪ್ರಮಾಣ, ಸಾಲದ ಕಂತು, ಇವುಗಳನ್ನು ಕುರಿತು ಈ ಪುಟದಲ್ಲಿ ಬರೆಯುವುದು ರೂಢಿ. ಈ ಸಲ ಬೇರೊಂದು ರೋಗವನ್ನು ಕುರಿತು ಬರೆಯುತ್ತಿದ್ದೇನೆ. ಅದು ಗಿಡಕ್ಕೆ ಬರುವ ರೋಗವಲ್ಲ, ಲೆಕ್ಕದ ಯಂತ್ರಕ್ಕೆ ಬರುವ ರೋಗ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಸದಸ್ಯರ ಪೈಕಿ ಅನೇಕರು ಕೂಲಿ ಬಟವಾಡೆ, ಕೊಯ್ಲಿನ ತೂಕ, ಮಾರಾಟದ ಪಟ್ಟಿಗಳನ್ನು ಲ್ಯಾಪ್‌ಟಾಪಿನಲ್ಲಿಯೇ ಇಡುತ್ತಿದ್ದಾರೆ. ಹೀಗೆ ಮಾಡಿರೆಂದು ಮಹಾಸಭೆಯಲ್ಲಿ ಒತ್ತಾಯಿಸಿದವನೂ ನಾನೇ. ಆ ಯಂತ್ರ ಕೆಟ್ಟರೆ ಏನು ಮಾಡಬೇಕೆಂದು ಮಾತ್ರ ನಾನು ಆಗ ಹೇಳಲಿಲ್ಲ. ನನಗೇ ತಿಳಿದಿರಲಿಲ್ಲ. ನನ್ನ ತಮ್ಮನ ಮನೆಯಲ್ಲಿ ನಷ್ಟವಾದ ಮೇಲೆ ಕಲಿತದ್ದನ್ನು ಈ ಪಾಠದಲ್ಲಿ ಕ್ರಮವಾಗಿ ಹೇಳುತ್ತೇನೆ.

ಗೌನಿಪಲ್ಲಿಯಲ್ಲಿ ನಡೆದದ್ದು

ನನ್ನ ಹುಟ್ಟೂರು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ. ಆಂಧ್ರದ ಗಡಿಗೆ ಹತ್ತಿರದ ಊರು. ಜನ ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ. ಅಲ್ಲಿ ಕಾಫಿಯಿಲ್ಲ, ಬೆಳೆಯೆಂದರೆ ಮಾವು. ತಂದೆಯ ಪಾಲಿನ ತೋಟವನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಅಕ್ಕಪಕ್ಕದ ಎಂಟು ಮಂದಿ ಸಣ್ಣ ಬೆಳೆಗಾರರು ಅವನ ಜೊತೆ ಸೇರಿ ತೋತಾಪುರಿ, ಬಾದಾಮಿ ಹಣ್ಣನ್ನು ಒಟ್ಟಿಗೆ ಲಾರಿಗೆ ತುಂಬಿ ಶ್ರೀನಿವಾಸಪುರದ ಮಂಡಿಗೆ ಕಳಿಸುತ್ತಾರೆ. ಯಾರ ಹಣ್ಣು ಎಷ್ಟು ತೂಗಿತು, ಯಾರು ಎಷ್ಟು ಮುಂಗಡ ಪಡೆದರು, ಕಮಿಷನ್ ಮತ್ತು ಬಾಡಿಗೆ ಎಷ್ಟು ಕಳೆಯಿತು ಎಂಬ ಲೆಕ್ಕವೆಲ್ಲ ತಮ್ಮನದು.

ನಮ್ಮ ತಂದೆ ಈ ಲೆಕ್ಕವನ್ನು ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದರು. ತಮ್ಮನೂ ಹಾಗೆಯೇ ಬರೆಯುತ್ತಿದ್ದ. "ಪುಸ್ತಕ ಬಿಡಪ್ಪಾ, ಒಂದು ಲ್ಯಾಪ್‌ಟಾಪ್ ತಗೋ, ಕೂಡೋದು ಕಳೆಯೋದು ಅದೇ ಮಾಡುತ್ತೆ" ಎಂದು ಹೇಳಿದವನು ನಾನು. ಅವನು ನನ್ನ ಮಾತು ಕೇಳಿ ಕಳೆದ ವರ್ಷ ಜನವರಿಯಲ್ಲಿ 46,500 ರೂಪಾಯಿ ಕೊಟ್ಟು ಒಂದು ಯಂತ್ರ ಕೊಂಡ. ಹಿಂದಿನ ಎರಡು ವರ್ಷದ ಲೆಕ್ಕವನ್ನೂ ಮಗಳ ಕೈಯಲ್ಲಿ ಅದಕ್ಕೆ ತುಂಬಿಸಿದ. ಪುಸ್ತಕ ಬರೆಯುವುದನ್ನು ನಿಲ್ಲಿಸಿದ.

ಮೇ ತಿಂಗಳ ಕೊನೆಗೆ, ಹಣ್ಣಿನ ಕಾಲ ಏರುತ್ತಿದ್ದಾಗ, ಯಂತ್ರವು ಇದ್ದಕ್ಕಿದ್ದಂತೆ ಆರಿಹೋಗತೊಡಗಿತು. ಕೆಲವು ದಿನ ಹತ್ತು ನಿಮಿಷಕ್ಕೆ, ಕೆಲವು ದಿನ ಒಂದು ಗಂಟೆಗೆ. ವಾರಂಟಿ ಒಂದು ವರ್ಷದ್ದು, ಅದಿನ್ನೂ ಮುಗಿದಿರಲಿಲ್ಲ. ತಮ್ಮ ಸಹಾಯವಾಣಿಗೆ ಫೋನ್ ಮಾಡಿದ. ಸಂಗೀತ ಕೇಳಿಸಿತು, ಬಹಳ ಹೊತ್ತಿನ ಮೇಲೆ ಇಂಗ್ಲಿಷಿನಲ್ಲಿ ಒಬ್ಬರು, ಆಮೇಲೆ ಹಿಂದಿಯಲ್ಲಿ ಇನ್ನೊಬ್ಬರು ಮಾತನಾಡಿದರು. ಆರಿಸಿ ಹೊತ್ತಿಸಿ ನೋಡಿ ಎಂದರು. ಮರುದಿನ ಮಾಡಿದರೆ ಬೇರೊಬ್ಬರು. ಕಥೆಯನ್ನು ಮೊದಲಿನಿಂದ ಹೇಳಬೇಕು. ಅವರೂ ಆರಿಸಿ ಹೊತ್ತಿಸಿ ಎಂದರು. ನಾಲ್ಕು ದಿನ ಹೀಗಾಯಿತು. "ಅಣ್ಣಾ, ಅವರು ನಾನು ಹೇಳಿದ್ದು ಕೇಳಿಸ್ಕೊಳ್ಳೋದೇ ಇಲ್ಲ, ಅವರ ಹತ್ತಿರ ಇರೋ ಚೀಟಿ ಓದ್ತಾರೆ" ಎಂದು ನನಗೆ ಹೇಳಿದ. ಅವನ ಮಾತು ಸರಿಯಾಗಿತ್ತು.

ಬಳಿಕ ಬಸ್ಸಿನಲ್ಲಿ ಬೆಂಗಳೂರಿನ ಸೇವಾಕೇಂದ್ರಕ್ಕೆ ಹೋದ. ಅವರು ಯಂತ್ರವನ್ನು ಇಟ್ಟುಕೊಂಡು ಐದು ದಿನದ ಮೇಲೆ ಕೊಟ್ಟರು. ಒಳಗಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಸಾಫ್ಟ್‌ವೇರ್ ತುಂಬಿದ್ದರು. ಮೂರು ವರ್ಷದ ಲೆಕ್ಕ ಹೋಯಿತು. ಮನೆಗೆ ತಂದು ಹೊತ್ತಿಸಿದರೆ ಇಪ್ಪತ್ತು ನಿಮಿಷಕ್ಕೆ ಮತ್ತೆ ಆರಿತು. ಎರಡನೆಯ ಸಲ ಹೋದಾಗ, ಇಲ್ಲಿ ಒಂದು ಗಂಟೆ ಚೆನ್ನಾಗಿ ನಡೆಯಿತು, ದೋಷವಿಲ್ಲ ಎಂದು ಹಿಂದಿರುಗಿಸಿದರು. ಮೂರನೆಯ ಸಲ, ಒಳಗೆ ನೀರು ತಗಲಿದೆ, ವಾರಂಟಿ ಅನ್ವಯಿಸುವುದಿಲ್ಲ, ಮದರ್‌ಬೋರ್ಡಿಗೆ 27,000 ರೂಪಾಯಿ ಕಟ್ಟಬೇಕು ಎಂದರು. ಎಲ್ಲಿ ನೀರು, ತೋರಿಸಿ ಎಂದರೆ ತೋರಿಸಲಿಲ್ಲ.

ಈ ಮಧ್ಯೆ ಹಣ್ಣಿನ ಕಾಲ ಮುಗಿಯಿತು. ಮಂಡಿಯವರ ಚೀಟಿಯಲ್ಲಿ ಇದ್ದುದು ಲಾರಿಯ ಒಟ್ಟು ತೂಕ ಮಾತ್ರ. ಯಾರ ಪಾಲು ಎಷ್ಟೆಂಬುದು ಕಳೆದುಹೋದ ಲೆಕ್ಕದಲ್ಲಿತ್ತು. ಎಂಟು ಮಂದಿಯಲ್ಲಿ ಆರು ಮಂದಿ ನೆನಪಿನ ಮೇಲೆ ಒಪ್ಪಿಕೊಂಡರು. ಇಬ್ಬರ ಲೆಕ್ಕ ಹೊಂದಲಿಲ್ಲ. ತಮ್ಮ ಅವರಿಗೆ ತನ್ನ ಕೈಯಿಂದ ಕೊಟ್ಟ. ಆದರೂ ಅವರಲ್ಲಿ ಒಬ್ಬರು, ನಮ್ಮ ತಂದೆಯ ಕಾಲದಿಂದ ಮನೆಗೆ ಬಂದು ಹೋಗುತ್ತಿದ್ದವರು, ಈಗ ದಾರಿಯಲ್ಲಿ ಸಿಕ್ಕರೂ ಮಾತಾಡುವುದಿಲ್ಲ.

ನಾನು ಊರಿಗೆ ಹೋದದ್ದು ಇಷ್ಟೆಲ್ಲ ಆದ ಮೇಲೆ. ಇನ್ನು ಪಾಠಕ್ಕೆ ಬರೋಣ.

ಮೊದಲ ಹೆಜ್ಜೆ: ದೋಷ ಎಲ್ಲಿದೆ ಎಂದು ತಿಳಿಯುವುದು

ಕಾಂಡಕೊರಕ ಹೊಕ್ಕ ಕಾಫಿ ಗಿಡದ ಎಲೆ ಹಳದಿಯಾಗಿ ಬಾಡುತ್ತದೆ. ಆಗ ಎಲೆಗೆ ಔಷಧಿ ಹೊಡೆದರೆ ಗಿಡ ಉಳಿಯುವುದಿಲ್ಲ. ಹುಳು ಇರುವುದು ಕಾಂಡದೊಳಗೆ. ಲ್ಯಾಪ್‌ಟಾಪಿನಲ್ಲಿಯೂ ಹಾಗೆಯೇ ಎರಡು ಭಾಗಗಳಿವೆ. ಕೈಗೆ ಸಿಗುವ ಭಾಗಗಳು, ಎಂದರೆ ಬ್ಯಾಟರಿ, ಚಾರ್ಜರ್, ಫ್ಯಾನ್, ಮದರ್‌ಬೋರ್ಡ್ ಇತ್ಯಾದಿ, ಹಾರ್ಡ್‌ವೇರ್. ಕೈಗೆ ಸಿಗದ ಕ್ರಮವಿಧಿಗಳು ಸಾಫ್ಟ್‌ವೇರ್. ಸಹಾಯವಾಣಿಯವರು ಹೇಳುವ ಉಪಾಯಗಳಲ್ಲಿ ಹೆಚ್ಚಿನವು ಸಾಫ್ಟ್‌ವೇರಿಗೆ ಸಂಬಂಧಿಸಿದವು. ದೋಷ ಹಾರ್ಡ್‌ವೇರಿನಲ್ಲಿದ್ದರೆ ಅವು ಎಲೆಗೆ ಹೊಡೆದ ಔಷಧಿ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು ಎಂಬುದೇ ಇದರ ನಿಯಮ.

1. ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಮಾತ್ರ ನಡೆಸಿ ನೋಡುವುದು. ಆಗ ಆರದಿದ್ದರೆ ಚಾರ್ಜರಿನ ಮೇಲೆ ಅಥವಾ ಮನೆಯ ಕರೆಂಟಿನ ಮೇಲೆ ಅನುಮಾನ.

2. ಚಾರ್ಜರ್ ಹಾಕಿ, ಬೇರೆ ಮನೆಯ, ಅರ್ಥಿಂಗ್ ಸರಿಯಾಗಿರುವ ಪ್ಲಗ್ಗಿನಲ್ಲಿ ನೋಡುವುದು. ಅಲ್ಲಿ ಆರದಿದ್ದರೆ ತಪ್ಪು ಯಂತ್ರದ್ದಲ್ಲ, ನಮ್ಮ ವೈರಿಂಗಿನದು.

3. ತಳಭಾಗ ಕೈಯಿಡಲಾಗದಷ್ಟು ಬಿಸಿಯಾಗುತ್ತದೆಯೇ, ಫ್ಯಾನಿನ ಗಾಳಿ ಹೊರಬರುತ್ತದೆಯೇ ಎಂದು ನೋಡುವುದು. ಬಿಸಿ ಮಿತಿ ಮೀರಿದರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ತಾನೇ ಆರುತ್ತದೆ. ಬಯಲುಸೀಮೆಯ ಧೂಳು, ನಮ್ಮ ಕಡೆಯ ಅಡಿಕೆ ಸಿಪ್ಪೆಯ ಪುಡಿ, ಎರಡೂ ಫ್ಯಾನಿಗೆ ಶತ್ರುಗಳು.

4. ಯಂತ್ರ ಹೊತ್ತಿಸಿದ ಕೂಡಲೇ ಎಫ್2 ಅಥವಾ ಡಿಲೀಟ್ ಗುಂಡಿ ಒತ್ತಿದರೆ ಅನೇಕ ಯಂತ್ರಗಳಲ್ಲಿ ಬಯೋಸ್ ಎಂಬ ಪರದೆ ಬರುತ್ತದೆ. (ಗುಂಡಿ ಯಾವುದೆಂದು ಯಂತ್ರದ ಕೈಪಿಡಿಯಲ್ಲಿರುತ್ತದೆ.) ಅಲ್ಲಿ ಏನನ್ನೂ ಬದಲಿಸದೆ ಒಂದು ಗಂಟೆ ಹಾಗೆಯೇ ಬಿಡುವುದು. ಈ ಹಂತದಲ್ಲಿ ವಿಂಡೋಸ್ ಮುಂತಾದ ಸಾಫ್ಟ್‌ವೇರ್ ಇನ್ನೂ ಆರಂಭವೇ ಆಗಿರುವುದಿಲ್ಲ. ಇಲ್ಲಿಯೂ ಯಂತ್ರ ತಾನಾಗಿ ಆರಿದರೆ ವಿಂಡೋಸಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಅದನ್ನು ಅಳಿಸಿ ತುಂಬುವುದರಿಂದ ಪ್ರಯೋಜನವಿಲ್ಲ.

ನಾನು ಗೌನಿಪಲ್ಲಿಯಲ್ಲಿ ಮಾಡಿದ್ದು ಇಷ್ಟೇ. ನಾಲ್ಕನೆಯ ಪರೀಕ್ಷೆಯಲ್ಲಿ ಯಂತ್ರ ಹದಿನಾಲ್ಕನೆಯ ನಿಮಿಷಕ್ಕೆ ಆರಿತು. ಬ್ಯಾಟರಿಯ ಮೇಲೂ ಆರಿತು, ಪಕ್ಕದ ಮನೆಯಲ್ಲೂ ಆರಿತು, ತಳ ತಣ್ಣಗಿರುವಾಗಲೂ ಆರಿತು. ಈ ಪರೀಕ್ಷೆಯನ್ನು ಮೇ ತಿಂಗಳಲ್ಲಿ ಮಾಡಿ ಕಾಗದದ ಮೇಲೆ ಬರೆದುಕೊಟ್ಟಿದ್ದರೆ ಲೆಕ್ಕ ಅಳಿಸಿಹೋಗುವ ಪ್ರಸಂಗವೇ ಬರುತ್ತಿರಲಿಲ್ಲ.

ಹೀಗೆ ಒಂದೊಂದನ್ನೇ ಕಳೆಯುತ್ತ ಹೋಗುವ ಕ್ರಮಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಎಂಬವರು 1994ರ ಜೂನ್‌ನಲ್ಲಿ ತಮ್ಮ ಲೆಕ್ಕವೊಂದು ತಾಳೆಯಾಗದಿರುವುದನ್ನು ಕಂಡರು. ಮೊದಲು ತಮ್ಮ ಕ್ರಮವಿಧಿಯನ್ನೇ ಅನುಮಾನಿಸಿದರು. ಬಳಿಕ ಯಂತ್ರದ ಇತರ ಕಾರಣಗಳನ್ನು ಒಂದೊಂದಾಗಿ ಕಳೆದರು. ಹಳೆಯ ಯಂತ್ರದಲ್ಲಿ ಅದೇ ಲೆಕ್ಕ ಸರಿಬಂತು. ತಿಂಗಳುಗಟ್ಟಲೆ ಹೀಗೆ ಮಾಡಿ, ತಪ್ಪಿರುವುದು ಇಂಟೆಲ್ ಸಂಸ್ಥೆಯ ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲಿ ಎಂದು ನಿರ್ಧರಿಸಿ ಅಕ್ಟೋಬರಿನಲ್ಲಿ ಸಂಸ್ಥೆಗೆ ತಿಳಿಸಿದರು. ಚಿಪ್ಪನ್ನು ಬದಲಿಸಿಕೊಡಬೇಕಾದರೆ ಬಳಕೆದಾರನು ತನಗೆ ಅದರ ಅಗತ್ಯವಿದೆಯೆಂದು ತೋರಿಸಬೇಕು ಎಂಬುದು ಸಂಸ್ಥೆಯ ಮೊದಲ ನಿಲುವು. ಜನ ಬಿಡಲಿಲ್ಲ. ಡಿಸೆಂಬರ್ 20ರಂದು ಕೇಳಿದವರಿಗೆಲ್ಲ ಬದಲಿಸಿಕೊಡುವುದಾಗಿ ಸಂಸ್ಥೆ ಪ್ರಕಟಿಸಿತು, ಅದಕ್ಕಾಗಿ 47.5 ಕೋಟಿ ಡಾಲರ್ ವೆಚ್ಚವನ್ನು ತನ್ನ ಲೆಕ್ಕಕ್ಕೆ ಹಾಕಿಕೊಂಡಿತು. ಒಬ್ಬ ಮೇಷ್ಟ್ರು ಇಷ್ಟು ದೊಡ್ಡ ಸಂಸ್ಥೆಯ ಎದುರು ನಿಂತದ್ದು ಗಲಾಟೆಯ ಬಲದಿಂದಲ್ಲ, ಬರೆದಿಟ್ಟ ಪರೀಕ್ಷೆಗಳ ಬಲದಿಂದ.

ಆದುದರಿಂದ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ವೇಳೆ, ಚಾರ್ಜರ್ ಇತ್ತೋ ಇಲ್ಲವೋ, ಎಷ್ಟು ನಿಮಿಷಕ್ಕೆ ಆರಿತು ಎಂದು ಬರೆಯುತ್ತ ಹೋಗಿ. ಸಾಧ್ಯವಾದರೆ ಆರುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಸೇವಾಕೇಂದ್ರದಲ್ಲಿ ಒಂದು ಗಂಟೆ ನಡೆಯಿತು ಎಂಬ ಉತ್ತರಕ್ಕೆ ಇದೇ ಪ್ರತ್ಯುತ್ತರ.

ಎರಡನೆಯ ಹೆಜ್ಜೆ: ಯಂತ್ರವನ್ನು ಕೈಬಿಡುವ ಮುನ್ನ

ಮಂಡಿಗೆ ಮಾಲು ಹಾಕಿದಾಗ ತೂಕದ ಚೀಟಿ ಇಲ್ಲದೆ ನಾವು ಬರುವುದಿಲ್ಲ. ಸೇವಾಕೇಂದ್ರದಲ್ಲಿ ಕೊಡುವ ಜಾಬ್ ಶೀಟ್ ಸಹ ಅಂತಹುದೇ ಚೀಟಿ. ಅದರಲ್ಲಿ ಈ ಕೆಳಗಿನ ಅಂಶಗಳಿರುವಂತೆ ನೋಡಿಕೊಳ್ಳಿ.

ಯಂತ್ರದ ಸೀರಿಯಲ್ ಸಂಖ್ಯೆ. ನಾವು ಹೇಳಿದ ದೋಷ ನಮ್ಮ ಮಾತಿನಲ್ಲಿ. ಹೊರಮೈಯಲ್ಲಿ ಒಡೆತ, ನೀರಿನ ಗುರುತು ಇಲ್ಲವೆಂಬ ಒಕ್ಕಣೆ. "ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದೆ ಒಳಗಿನ ಮಾಹಿತಿಯನ್ನು ಅಳಿಸಕೂಡದು" ಎಂಬ ಒಂದು ಸಾಲು. ಜಾಬ್ ಶೀಟಿನ ಹಿಂಭಾಗದಲ್ಲಿ, ಮಾಹಿತಿ ಹೋದರೆ ಸಂಸ್ಥೆ ಹೊಣೆಯಲ್ಲ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುವುದು ಸಾಮಾನ್ಯ. ತಮ್ಮನು ಅದನ್ನು ಓದದೆ ಸಹಿ ಹಾಕಿದ್ದ. ಓದಿದ ಮೇಲೆ ಸಹಿ ಹಾಕಿ. ಸಹಿಯ ಪಕ್ಕದಲ್ಲಿ ನಮ್ಮ ಸಾಲನ್ನು ಬರೆಯಿರಿ. ಇಡೀ ಹಾಳೆಯ ಫೋಟೋ ತೆಗೆದುಕೊಳ್ಳಿ. ಯಂತ್ರ ಸ್ವಲ್ಪ ಹೊತ್ತಾದರೂ ನಡೆಯುತ್ತಿದ್ದರೆ ಮೊದಲು ಲೆಕ್ಕವನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು ಆಮೇಲೆ ಬಸ್ ಹತ್ತಿ.

ಇಲ್ಲಿಯೇ ಇನ್ನೊಂದು ಎಚ್ಚರಿಕೆ. ಸಹಾಯವಾಣಿಯ ಸಂಖ್ಯೆಯನ್ನು ಬಿಲ್ಲು, ವಾರಂಟಿ ಪತ್ರ ಅಥವಾ ಸಂಸ್ಥೆಯ ಸ್ವಂತ ಜಾಲತಾಣದಿಂದಲೇ ತೆಗೆದುಕೊಳ್ಳಬೇಕು. ಫೋನಿನಲ್ಲಿ ಹುಡುಕಿದಾಗ ಮೇಲೆ ಬರುವ ಸಂಖ್ಯೆಗಳಲ್ಲಿ ಮೋಸಗಾರರದ್ದೂ ಇರುತ್ತವೆ. ಹತ್ತು ರೂಪಾಯಿ ಕಟ್ಟಿ, ಈ ಆ್ಯಪ್ ಹಾಕಿಕೊಳ್ಳಿ, ಪರದೆ ತೋರಿಸಿ ಎಂದರೆ ಅಲ್ಲಿಗೇ ಫೋನ್ ಇಡಬೇಕು. ಹಣ ಹೋದುದೇ ಆದರೆ ತಡಮಾಡದೆ 1930ಕ್ಕೆ ಕರೆ ಮಾಡಿ ತಿಳಿಸಬೇಕು. ಇದು ಸೈಬರ್ ವಂಚನೆಗಾಗಿ ಇರುವ ರಾಷ್ಟ್ರೀಯ ಸಂಖ್ಯೆ.

ಮೂರನೆಯ ಹೆಜ್ಜೆ: ನಾವು ಗ್ರಾಹಕರೇ?

ಗ್ರಾಹಕ ಸಂರಕ್ಷಣಾ ಕಾಯಿದೆ ಮೊದಲು ಬಂದದ್ದು 1986ರಲ್ಲಿ. ಆ ವರ್ಷದ ಡಿಸೆಂಬರ್ 24ರಂದು ಅದಕ್ಕೆ ರಾಷ್ಟ್ರಪತಿಯವರ ಅಂಕಿತ ದೊರೆಯಿತು. ಆ ದಿನವನ್ನೇ ರಾಷ್ಟ್ರೀಯ ಗ್ರಾಹಕ ದಿನವೆಂದು ಆಚರಿಸುತ್ತೇವೆ. ಅದರ ಸ್ಥಾನಕ್ಕೆ ಬಂದ 2019ರ ಕಾಯಿದೆ 2020ರ ಜುಲೈ ತಿಂಗಳಿಂದ ಜಾರಿಯಲ್ಲಿದೆ.

ಈ ಕಾಯಿದೆಯಲ್ಲಿ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ವಸ್ತುವಿನಲ್ಲಿ ಇರುವುದು ದೋಷ. ಸೇವೆಯಲ್ಲಿ ಇರುವುದು ನ್ಯೂನತೆ. ಯಂತ್ರ ತಾನಾಗಿ ಆರುವುದು ದೋಷ. ಕೇಳದೆ ಲೆಕ್ಕ ಅಳಿಸಿದ್ದು, ಆಧಾರ ತೋರಿಸದೆ ನೀರಿನ ನೆಪ ಹೇಳಿದ್ದು ಸೇವೆಯ ನ್ಯೂನತೆ. ದೂರಿನಲ್ಲಿ ಎರಡನ್ನೂ ಪ್ರತ್ಯೇಕವಾಗಿ ಬರೆಯಬೇಕು.

ಲಾಭದ ವ್ಯಾಪಾರಕ್ಕಾಗಿ, ಎಂದರೆ ವಾಣಿಜ್ಯ ಉದ್ದೇಶಕ್ಕೆ, ಕೊಂಡವನು ಗ್ರಾಹಕನಲ್ಲ ಎಂದು ಕಾಯಿದೆ ಹೇಳುತ್ತದೆ. ತೋಟದ ಲೆಕ್ಕಕ್ಕೆ ಕೊಂಡ ಲ್ಯಾಪ್‌ಟಾಪ್ ವಾಣಿಜ್ಯ ಉದ್ದೇಶದ್ದೇ? ಹೆದರಬೇಕಾಗಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ತಾನೇ ಬಳಸುವವನಿಗೆ ಆ ನಿರ್ಬಂಧವಿಲ್ಲವೆಂದು ಅದೇ ಕಾಯಿದೆಯ ವಿವರಣೆಯಲ್ಲಿದೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಬೆರಳಚ್ಚು ಯಂತ್ರ, ಬಾಡಿಗೆ ಕಾರುಗಳ ಉದಾಹರಣೆ ಕೊಟ್ಟು ಈ ಭೇದವನ್ನು ವಿವರಿಸಿತು. ಬೇರೆಯವರ ಕಾಗದಗಳನ್ನು ಹಣಕ್ಕೆ ಬೆರಳಚ್ಚು ಮಾಡಿಕೊಡುವವನು ತಾನೇ ಕುಳಿತು ಆ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದರೆ ಅವನು ಗ್ರಾಹಕನೇ. ಇಂದಿನ ಲ್ಯಾಪ್‌ಟಾಪಿಗೆ ಅದೇ ನ್ಯಾಯ.

ಬೆಳೆಗಾರರು ನೆನಪಿಡಬೇಕಾದ ಇನ್ನೊಂದು ತೀರ್ಪು 2012ರ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದ್ದು. ಆಂಧ್ರಪ್ರದೇಶದ ರೈತರು ದೋಷಪೂರಿತ ಬೀಜದ ಬಗ್ಗೆ ತಂದ ದೂರು ಅದು. ರೈತ ಗ್ರಾಹಕನಲ್ಲ, ಬೀಜಗಳ ಕಾಯಿದೆ ಬೇರೆ ಇದೆ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಬಿತ್ತುವ ರೈತ ಮುಂದೆ ಪರೀಕ್ಷೆಗೆ ಬೇಕಾದೀತೆಂದು ಬೀಜ ಉಳಿಸಿಕೊಂಡಿರಬೇಕು ಎಂದು ನಿರೀಕ್ಷಿಸುವುದೂ ಸರಿಯಲ್ಲವೆಂದಿತು.

ಇನ್ನು ನಮ್ಮ ಸಂಘದ ಕಚೇರಿಯ ಯಂತ್ರದ ಮಾತು. ದೂರು ಕೊಡಬಲ್ಲ 'ವ್ಯಕ್ತಿ' ಎಂಬ ಪದದಲ್ಲಿ ಸಹಕಾರ ಸಂಘವನ್ನು ಕಾಯಿದೆ ಹೆಸರಿಸಿಯೇ ಸೇರಿಸಿದೆ. ಆದರೆ ಸ್ವಂತ ದುಡಿಮೆಯ ವಿನಾಯಿತಿ ಸಂಘಕ್ಕೆ ಸುಲಭವಾಗಿ ಒದಗುವುದಿಲ್ಲ. ಕೊಂಡ ವಸ್ತುವಿಗೂ ಲಾಭ ಗಳಿಸುವ ಚಟುವಟಿಕೆಗೂ ನೇರ ಸಂಬಂಧವಿದೆಯೇ ಎಂಬುದನ್ನು ಆಯಾ ಪ್ರಕರಣದ ಸಂಗತಿಗಳ ಮೇಲೆ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಲೀಲಾವತಿ ಕೀರ್ತಿಲಾಲ್ ಮೆಹ್ತಾ ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಹೇಳಿದೆ. ಆದುದರಿಂದ ಸ್ವಂತ ಲೆಕ್ಕಕ್ಕೆ ಕೊಳ್ಳುವ ಸದಸ್ಯರು ಬಿಲ್ಲನ್ನು ತಮ್ಮ ಸ್ವಂತ ಹೆಸರಿನಲ್ಲಿಯೇ ಮಾಡಿಸಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ದೂರಿನ ಮೆಟ್ಟಿಲುಗಳು

ಮೊದಲ ಮೆಟ್ಟಿಲು ಪತ್ರ. ಮಾರಿದ ಅಂಗಡಿ ಮತ್ತು ತಯಾರಿಸಿದ ಸಂಸ್ಥೆ ಇಬ್ಬರಿಗೂ ಬರೆಯಬೇಕು. ಕೊಂಡ ದಿನಾಂಕ, ಬಿಲ್ಲಿನ ಸಂಖ್ಯೆ, ದೋಷದ ದಿನಚರಿ, ಹೋದ ದಿನಗಳು, ಕೊಟ್ಟ ಉತ್ತರಗಳು, ನಾವು ಕೇಳುವ ಪರಿಹಾರ, ಅದಕ್ಕೆ ಕೊಡುವ ಗಡುವು, ಇಷ್ಟನ್ನು ಒಂದೇ ಪುಟದಲ್ಲಿ ಬರೆಯಬೇಕು. ಸಿಟ್ಟಿನ ಮಾತು ಬೇಡ. ಸಿಟ್ಟು ಸಾಕ್ಷ್ಯವಲ್ಲ.

ಎರಡನೆಯ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಕನ್ನಡದಲ್ಲಿಯೂ ಮಾತನಾಡಬಹುದು. ದೂರನ್ನು ದಾಖಲಿಸಿ ಸಂಖ್ಯೆ ಕೊಟ್ಟು ಸಂಸ್ಥೆಗೆ ಕಳಿಸುತ್ತಾರೆ. ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. ಆದರೂ ಸಾಮಾನ್ಯ ಸಹಾಯವಾಣಿಯಲ್ಲಿ ಕಳೆದುಹೋಗುವ ದೂರು ಇಲ್ಲಿಂದ ಹೋದಾಗ ಸಂಸ್ಥೆಯಲ್ಲಿ ಹೊಣೆಯುಳ್ಳ ಒಬ್ಬರ ಮೇಜಿಗೆ ಬರುವ ಸಂಭವ ಹೆಚ್ಚು.

ಮೂರನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಇದನ್ನು ಕುರಿತು ತಿಳಿಯಬೇಕಾದ ಅಂಶಗಳು ಇವು.

1. ಅಂಗಡಿ ಬೆಂಗಳೂರಿನಲ್ಲಿರಲಿ, ಸಂಸ್ಥೆಯ ಕಚೇರಿ ದೆಹಲಿಯಲ್ಲಿರಲಿ, ದೂರುದಾರನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಇದು 2019ರ ಕಾಯಿದೆಯ ಮುಖ್ಯ ಅನುಕೂಲ. ಗೌನಿಪಲ್ಲಿಯವನಿಗೆ ಕೋಲಾರದ ಆಯೋಗ ಸಾಕು.

2. ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗಿನ ಬೆಲೆಯ ದೂರಿಗೆ ಶುಲ್ಕವಿಲ್ಲ.

3. ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವಿಲ್ಲ. ಸ್ವತಃ ವಾದಿಸಬಹುದು. ಇಂಟರ್ನೆಟ್ ಮೂಲಕವೂ ದೂರು ಸಲ್ಲಿಸಬಹುದು.

4. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು.

5. ಎದುರು ಪಕ್ಷದವರು 30 ದಿನದೊಳಗೆ ಉತ್ತರ ಕೊಡಬೇಕು. ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಅದಕ್ಕಿಂತ ಹೆಚ್ಚು ಕೊಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹಿಲಿ ಮಲ್ಟಿಪರ್ಪಸ್ ಕೋಲ್ಡ್ ಸ್ಟೋರೇಜ್ ಪ್ರಕರಣದಲ್ಲಿ ತೀರ್ಮಾನಿಸಿತು.

6. ಪರೀಕ್ಷೆ ಬೇಡದ ದೂರು 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕೆಂದು ಕಾಯಿದೆಯ ಆಶಯ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು. ತಾಳ್ಮೆ ಇಟ್ಟುಕೊಂಡೇ ಹೋಗಬೇಕು.

7. ದೋಷ ತಿದ್ದಿಸುವುದು, ವಸ್ತು ಬದಲಿಸಿಕೊಡುವುದು, ಹಣ ಹಿಂದಿರುಗಿಸುವುದು, ನಷ್ಟಕ್ಕೆ ಪರಿಹಾರ ಕೊಡಿಸುವುದು, ಇವು ಆಯೋಗದ ಅಧಿಕಾರದಲ್ಲಿವೆ. ಆಜ್ಞೆ ಪಾಲಿಸದವರಿಗೆ ಸೆರೆವಾಸ ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ ಉಂಟು.

ದೂರು ಸೋಲುವುದು ಸಾಮಾನ್ಯವಾಗಿ ಒಂದು ಕಾರಣದಿಂದ: ದೋಷವನ್ನು ತೋರಿಸುವ ಆಧಾರವಿಲ್ಲದೆ ಹೋಗುವುದು. "ಕೆಟ್ಟಿದೆ" ಎಂದರೆ ಸಾಲದು. ದಿನಚರಿ, ಚಿತ್ರೀಕರಣ, ಜಾಬ್ ಶೀಟುಗಳು, ಬೇರೊಬ್ಬ ತಿಳಿದ ಮೆಕ್ಯಾನಿಕ್ಕನ ಬರಹ, ಇವು ಇದ್ದರೆ ಮಾತ್ರ ದೂರಿಗೆ ಕಾಲು ಬರುತ್ತದೆ.

ರಿಪೇರಿಯ ಹಕ್ಕು ಎಂಬ ವಿಷಯವೂ ಈಗ ಚರ್ಚೆಯಲ್ಲಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ಇದಕ್ಕಾಗಿ ಒಂದು ಜಾಲತಾಣ ಆರಂಭಿಸಿತು. ಬಿಡಿಭಾಗ, ಕೈಪಿಡಿ, ರಿಪೇರಿಯ ಮಾಹಿತಿಗಳನ್ನು ತಯಾರಕರು ಅಲ್ಲಿ ಒದಗಿಸಬೇಕೆಂಬುದು ಉದ್ದೇಶ. ಅದಕ್ಕೆ ಆರಿಸಿಕೊಂಡ ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳೂ ಸೇರಿವೆ. ಔಷಧಿ ಹೊಡೆಯುವ ಪಂಪು, ಕಳೆ ಕತ್ತರಿಸುವ ಯಂತ್ರ ಇಟ್ಟುಕೊಂಡ ನಮಗೆ ಇದು ಬೇಕಾದ ಸಂಗತಿ.

ಕೊನೆಗೆ ಏನಾಯಿತು?

ನಾವು ಹದಿನೈದು ದಿನದ ದಿನಚರಿ ಬರೆದೆವು. ಆರುವುದನ್ನು ಮೂರು ಸಲ ಚಿತ್ರೀಕರಿಸಿದೆವು. ಒಂದು ಪುಟದ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ನೀರು ತಗಲಿದೆ ಎನ್ನುವುದಾದರೆ ಆ ಭಾಗದ ಫೋಟೋ ಕಳಿಸಿ ಎಂದು ಕೇಳಿದೆವು. ಉತ್ತರ ಬರಲಿಲ್ಲ. 1915ಕ್ಕೆ ದೂರು ಕೊಟ್ಟೆವು. ಮೂರು ವಾರದ ಮೇಲೆ ಸಂಸ್ಥೆಯಿಂದ ಒಬ್ಬರು ಕನ್ನಡದಲ್ಲಿಯೇ ಫೋನ್ ಮಾಡಿ ಯಂತ್ರವನ್ನು ಮತ್ತೆ ತರಿಸಿಕೊಂಡರು. ನೀರಿನ ಫೋಟೋ ಕೊನೆಗೂ ಬರಲಿಲ್ಲ. ಮದರ್‌ಬೋರ್ಡನ್ನು ಖರ್ಚಿಲ್ಲದೆ ಬದಲಿಸಿಕೊಟ್ಟರು. ಈಗ ಯಂತ್ರ ಚೆನ್ನಾಗಿ ನಡೆಯುತ್ತಿದೆ.

ಬಸ್ಸಿನ ಖರ್ಚು, ಕೆಲಸ ಕೆಟ್ಟ ದಿನಗಳು, ಕೈಯಿಂದ ಕೊಟ್ಟ ಹಣ, ಇವುಗಳಿಗೆ ಪರಿಹಾರ ಕೇಳಿ ಕೋಲಾರದ ಆಯೋಗಕ್ಕೆ ಹೋಗಲು ಇನ್ನೂ ಕಾಲಾವಕಾಶವಿದೆ. ತಮ್ಮ ಇನ್ನೂ ತೀರ್ಮಾನಿಸಿಲ್ಲ. "ಯಂತ್ರ ಬಂತು ಅಣ್ಣಾ, ಲೆಕ್ಕ ಯಾರು ಕೊಡ್ತಾರೆ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಕಾಯಿದೆ ಯಂತ್ರ ಕೊಡಿಸಬಹುದು, ಹಣ ಕೊಡಿಸಬಹುದು. ಅಳಿಸಿದ ಲೆಕ್ಕ ಕೊಡಿಸಲಾರದು. ಅದನ್ನು ಉಳಿಸಿಕೊಳ್ಳುವ ಕೆಲಸ ನಮ್ಮದೇ.

ಲೆಕ್ಕದ ಪ್ರತಿ

ಕರ್ನಾಟಕದಲ್ಲಿ ಸಹಕಾರ ಚಳವಳಿ ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಆರಂಭವಾದಾಗಿನಿಂದ ಸಂಘಗಳು ನಿಂತಿರುವುದು ಲೆಕ್ಕದ ಪುಸ್ತಕದ ಮೇಲೆ. ಲೆಕ್ಕ ಸರಿಯಿದ್ದರೆ ಹತ್ತು ಜನ ಒಂದೇ ಲಾರಿಗೆ ಹಣ್ಣು ತುಂಬುತ್ತಾರೆ. ಲೆಕ್ಕ ಹೋದರೆ ಹಳೆಯ ನಂಟೂ ಹೋಗುತ್ತದೆ. ಆದುದರಿಂದ ಒಂದು ಲೆಕ್ಕಕ್ಕೆ ಮೂರು ಪ್ರತಿಗಳಿರಲಿ: ಒಂದು ಯಂತ್ರದಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಮನೆಯಿಂದ ಹೊರಗೆ. ಕೊಯ್ಲಿನ ಕಾಲದಲ್ಲಿ ಪ್ರತಿ ಸಂಜೆ, ಉಳಿದ ಕಾಲದಲ್ಲಿ ವಾರಕ್ಕೊಮ್ಮೆ ಪ್ರತಿ ತೆಗೆಯಬೇಕು. ತಿಂಗಳಿಗೊಮ್ಮೆ ಕಾಗದದ ಮೇಲೆ ಅಚ್ಚು ಮಾಡಿ, ಸಂಬಂಧಪಟ್ಟವರ ಸಹಿ ಪಡೆದು ಫೈಲಿಗೆ ಹಾಕಬೇಕು. ಕಾಗದಕ್ಕೆ ಚಾರ್ಜರ್ ಬೇಡ.

ಯಂತ್ರದ ಆರೈಕೆಯನ್ನು ಕುರಿತು ಎರಡು ಮಾತು. ಗುಡುಗು ಮಿಂಚಿನ ಹೊತ್ತಿನಲ್ಲಿ ಚಾರ್ಜರನ್ನು ಗೋಡೆಯಿಂದಲೇ ತೆಗೆಯಿರಿ; ಸ್ವಿಚ್ ಆರಿಸಿದರೆ ಸಾಲದು. ಮಳೆಗಾಲದಲ್ಲಿ ದಿನಕ್ಕೆ ಸ್ವಲ್ಪ ಹೊತ್ತಾದರೂ ನಡೆಸಿದರೆ ಒಳಗಿನ ತೇವ ಆರುತ್ತದೆ. ಅಡಿಕೆ ಬೇಯಿಸುವ ಒಲೆ, ಒಣಗಿಸುವ ಅಟ್ಟಗಳ ಬಳಿ ಇಡಬೇಡಿ. ಬ್ಯಾಟರಿ ಉಬ್ಬಿ ತಳ ಎದ್ದಂತೆ ಕಂಡರೆ ಕೂಡಲೇ ಬಳಕೆ ನಿಲ್ಲಿಸಿ, ಚುಚ್ಚಬೇಡಿ, ಒತ್ತಬೇಡಿ. ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯದಿಂದಾಗಿ ಡೆಲ್ ಸಂಸ್ಥೆ 2006ರ ಆಗಸ್ಟ್‌ನಲ್ಲಿ ಸೋನಿ ತಯಾರಿಸಿದ 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಇದು ಹಗುರವಾಗಿ ಕಾಣುವ ವಿಷಯವಲ್ಲ.

ಅಧ್ಯಯನ ಕೂಟಗಳಲ್ಲಿ ಚರ್ಚಿಸಲು ಪ್ರಶ್ನೆಗಳು

1. ಯಂತ್ರ ತಾನಾಗಿ ಆರಿದರೆ ದೋಷ ಸಾಫ್ಟ್‌ವೇರಿನದಲ್ಲವೆಂದು ಯಾವ ಪರೀಕ್ಷೆಯಿಂದ ತಿಳಿಯಬಹುದು?

2. ದೋಷ ಮತ್ತು ನ್ಯೂನತೆಗೆ ನಿಮ್ಮ ಅನುಭವದಿಂದ ಒಂದೊಂದು ಉದಾಹರಣೆ ಕೊಡಿ. (ಪಂಪ್‌ಸೆಟ್, ಗೊಬ್ಬರ, ಸಸಿಗಳನ್ನೂ ತೆಗೆದುಕೊಳ್ಳಬಹುದು.)

3. ಜಾಬ್ ಶೀಟಿಗೆ ಸಹಿ ಹಾಕುವ ಮುನ್ನ ಯಾವ ನಾಲ್ಕು ಅಂಶಗಳನ್ನು ನೋಡಬೇಕು?

4. ಇಂದು ರಾತ್ರಿ ನಿಮ್ಮ ಯಂತ್ರ ಕೆಟ್ಟರೆ, ಈ ವರ್ಷದ ಲೆಕ್ಕದಲ್ಲಿ ಎಷ್ಟು ಉಳಿಯುತ್ತದೆ?

ನಾಲ್ಕನೆಯ ಪ್ರಶ್ನೆಗೆ ಉತ್ತರ ಸಮಾಧಾನಕರವಾಗಿಲ್ಲದವರು ಮುಂದಿನ ಮಾಸಿಕ ಸಭೆಗೆ ಬರುವಾಗ ಒಂದು ಪೆನ್‌ಡ್ರೈವನ್ನು ತಮ್ಮ ಹೆಸರು ಬರೆದ ಲಕೋಟೆಯಲ್ಲಿ ಹಾಕಿ ತರಬೇಕಾಗಿ ವಿನಂತಿ. ಸಂಘದ ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇವೆ, ರಸೀದಿ ಕೊಡುತ್ತೇವೆ. ಗೌನಿಪಲ್ಲಿಯ ನನ್ನ ತಮ್ಮನೂ ಒಂದು ಪ್ರತಿಯನ್ನು ಈಗ ನನಗೆ ಕಳಿಸುತ್ತಿದ್ದಾನೆ. ಜೊತೆಗೆ ಕೆಂಪು ರಟ್ಟಿನ ಪುಸ್ತಕವನ್ನೂ ಮತ್ತೆ ತೆರೆದಿದ್ದಾನೆ. ಬೇಡವೆಂದು ನಾನು ಹೇಳಲಿಲ್ಲ.